ನೀಲಿ ಖಡು

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರ್ಖಾನಿಯೊಳಗ
ನಂದು ತಪ್ಪು ಹುಡುಕೋ ಕೆಲಸ.
ಮಗ್ಗದಿಂದ ಇಳಿದ ಟವೆಲ್ಲು ಟ್ಯೂಬ್‌ಲೈಟಿನ ಕೆಳಗ ಹಾಸಿ
ಹರಿದ ಎಳಿ, ಎಣ್ಣಿ ಕಲಿ, ಜಿಗಿದ ಹೊಕ್ಕು
ಕಂಡಲ್ಲಿ ನೀಲಿ ಖಡುವಿಂದ ಒಂದು ಗೀಟು.
ದಿನಕ್ಕ ಆರುನೂರು. ಹನ್ನೊಂದು ವರ್ಷ.

ತಿಂಗಳಿಗೊಮ್ಮೆ ನಾ ಸಾಯಬೇಕಂತಿದ್ದೆ.
ಅದು ತಿಂಗಳಿಗೊಮ್ಮೆ ಅಂತ
ನನಗ ಗೊತ್ತಿರಲಿಲ್ಲ.

ಅವತ್ತು ಕುಕ್ಕರಿನ ಮುಚ್ಚಳ ಕೂಡಲಿಲ್ಲ. ಅಷ್ಟ.
ಫರಸಿ ಮ್ಯಾಲ ಕುಂತು ಸಂಜಿತನಕ ಅತ್ತೆ.
"ಆಯಿ, ಕಾಯ ಝಾಲಂ?" ಅಂದಳು ಪ್ರಾಜಕ್ತಾ, ಸಾಲಿಯ ಮರಾಠಿಯೊಳಗ.
ಏನೂ ಆಗಿರಲಿಲ್ಲ. ಅದನ್ನ ಯಾವ ಭಾಷಾದಾಗ ಹೇಳೂದು?
ಅತ್ತಿಯವರು ಲಿಂಬಿಹಣ್ಣು ನಿವಾಳಿಸಿ
ಮೂರು ದಾರಿ ಕೂಡೋಲ್ಲಿ ಒಗೆದು ಬಂದರು.
ನಾಲ್ಕು ದಿನಕ್ಕ ಮುಟ್ಟಾದೆ. ಮರುದಿನ ಎದ್ದು
ಮೆಂತ್ಯ ಪಲ್ಲೆ ಸೋಸುತ್ತ ಏನೋ ಗುನುಗಿದೆ.
ಗೆದ್ದದ್ದು ಲಿಂಬಿಹಣ್ಣು.

ಸಾತ್ ರಸ್ತಾದ ದೇಗಾಂವಕರ ಡಾಕ್ಟರಬಾಯಿ
ರಕ್ತದ ರಿಪೋರ್ಟು ಮಡಚಿ ಬದಿಗಿಟ್ಟರು. ಎಲ್ಲಾ ಸರಿ ಅದ.
ಸರಿ ಅದ ಅಂದಾಗ ಇನ್ನೂ ಹೆದರಿಕಿ:
ಹಂಗಾರ ತಪ್ಪು ನಾನ?
"ಮನಿ ಗ್ವಾಡಿಗೆ ಕ್ಯಾಲೆಂಡರ್ ಅದಲ್ಲ?
ಮುಟ್ಟಾದ ದಿನ ಚುಕ್ಕಿ ಇಡ್ರಿ, ಕತ್ತಲಾದ ದಿನ ಗೀಟು.
ನೆನಪಿನಿಂದ ಬರೀಬ್ಯಾಡ್ರಿ. ಅವತ್ತಿಂದು ಅವತ್ತ."

ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಭಿಶಿ ತುಂಬೋ ದಿನ,
ಅದರ ನಡುವ ನಂದೂ ಲೆಕ್ಕ ಚಾಲೂ ಆತು.
ಎರಡು ತಿಂಗಳಿಗೆ ಹಿಂದ ಸರಿದು ನಿಂತು ನೋಡಿದೆ:
ಗೀಟು ಗೀಟು ಗೀಟು ಗೀಟು ಗೀಟು ಗೀಟು, ಚುಕ್ಕಿ.
ಖಾಲಿ. ಎರಡು ವಾರಕ್ಕೂ ಮ್ಯಾಲ ಖಾಲಿ.
ಮತ್ತ ಗೀಟು ಗೀಟು ಗೀಟು
ಬಟ್ಟಿ ನೋಡೋ ಕಣ್ಣಿಗೆ ಇದು ತಿಳಿಯೂದಿಲ್ಲೇನು?
ಒಂದ ಅಳತಿಗೆ ಮತ್ತ ಮತ್ತ ಬರೋ ತಪ್ಪು
ನೂಲಿಂದಲ್ಲ, ಮಗ್ಗದ ತಿರುಗಣಿದು.

"ಹಾರ್ಮೋನು ಎಲ್ಲಾರಿಗೂ ಏರತಾವ, ಇಳೀತಾವ.
ನಿಮ್ಮ ತಲಿಗೆ ಆ ಇಳಿಯೋ ಸಪ್ಪಳ ಜೋರ ಕೇಳಸ್ತದ, ಅಷ್ಟ"
ಅಂತ ಬಾಯಿ ಗುಳಿಗಿ ಬರೆದರು,
ಚುಕ್ಕಿಯ ಹದಿನೈದನೇ ದಿನದಿಂದ ಮುಂದಿನ ಚುಕ್ಕಿತನಕ.
ಪೊಟ್ಟಣದೊಳಗಿನ ಚೀಟಿ ಇಂಗ್ಲಿಷು; ಮಗಳು ಮರಾಠಿಯೊಳಗ ಹೇಳಿದಳು;
ಕನ್ನಡದಾಗ ನಾ ಹೆದರಿದೆ.
"ಹುಚ್ಚರ ಗುಳಿಗಿಯೇನು?" ಅಂದ ಗಂಡ ರೇವಣಸಿದ್ಧ.
ಮುಟ್ಟಿಂದು, ಅಂದೆ.
ಮುಟ್ಟು ಅಂದ ಕೂಡಲೆ ಅಂವ ಗಪ್ಪ.
ಸುಳ್ಳೂ ಅಲ್ಲ, ಪೂರಾ ಖರೇನೂ ಅಲ್ಲ.

ಮೊದಲ ಸರ್ತಿ ಹೊಟ್ಟಿ ತೊಳಸಿತು. ಬಾಯಿ ಒಣಗತಿತ್ತು.
ರಾತ್ರಿ ಮೈ ಮೊದಲಿನಂಗ ಅಂವನ ಕಡೆ ತಿರುಗೂದಿಲ್ಲ,
ಇದೊಂದು ಮಾತು ಹೇಳೂದಕ್ಕ
ಡಾಕ್ಟರ್ ಕಡೆ ಮೂರು ಸಲ ಹೋಗಿ ಎರಡು ಸಲ ಹೇಳದ ಬಂದೆ.
ಗೀಟು ಪೂರಾ ಹೋಗಲಿಲ್ಲ. ಆರಿದ್ದದ್ದು ಎರಡಾದವು.
ಈಗೂ ಒಮ್ಮೊಮ್ಮೆ ಕುಕ್ಕರಿನ ಮುಚ್ಚಳ ಕೂಡೂದಿಲ್ಲ.
ಅದು ಬರೇ ಕುಕ್ಕರಿನ ಮುಚ್ಚಳ.

ಈ ವರ್ಷ ನಲವತ್ತೈದು.
ಚುಕ್ಕಿಗಳು ದಾರಿ ತಪ್ಪ್ಯಾವ: ಒಮ್ಮೆ ಇಪ್ಪತ್ತು ದಿನಕ್ಕ, ಒಮ್ಮೆ ಐವತ್ತಕ್ಕ.
ಹದಿನೈದನೇ ದಿನ ಅಂದರ ಯಾವುದು?
ಇನ್ನ ದಿನಾ ತಗೋರಿ, ಅಂದಾರ ಬಾಯಿ.
ಚಹಾದ ಡಬ್ಬಿಯ ಬಾಜೂಕ ಇಟ್ಟೀನಿ, ಮುಚ್ಚಿಟ್ಟಿಲ್ಲ.

ನಿನ್ನೆ ಪ್ರಾಜಕ್ತಾನ ಭೂಗೋಳದ ವಹಿಯ ಕಡೀ ಪುಟದಾಗ
ಕೆಂಪು ಪೆನ್ನಿನ ಒಂದು ಚುಕ್ಕಿ, ಪಕ್ಕದಾಗ ತಾರೀಖು.
ಅದರ ಮುಂಚೆ ಗೀಟು ಅವನೋ ಅಂತ
ಪುಟ ಟ್ಯೂಬ್‌ಲೈಟಿಗೆ ಹಿಡಿದು ಹುಡುಕಿದೆ, ಕೆಲಸದ ಚಟ.
ಗೀಟಿರಲಿಲ್ಲ.
ಯಾವುದೋ ಹುಡುಗನ ಹೆಸರು ಬರೆದು ರಬ್ಬರಿಲೆ ತಿಕ್ಕಿದ ಗುರ್ತಿತ್ತು.
ವಹಿ ಮುಚ್ಚಿ
ಇದ್ದಲ್ಲೇ ಇಟ್ಟೆ.